ತೊಗರಿ ಕಾಳನ್ನು ನೋಡುವ ಕ್ಯಾಮೆರಾ

ಆಹಾರೋದ್ಯಮದಲ್ಲಿ ಕೃತಕ ಬುದ್ಧಿಮತ್ತೆಯೆಂದರೆ ಹೋಟೆಲಿನ ರೋಬೋಟು, ಮನೆಗೆ ಊಟ ತಲುಪಿಸುವ ಆ್ಯಪು ಎಂಬಂತೆ ಈ ವಿಷಯದ ಬಗ್ಗೆ ನಾನು ಓದಿದ ಲೇಖನವೊಂದು ಚಿತ್ರಿಸಿದೆ. ಆದರೆ ಕಲಬುರಗಿಯವರಿಗೆ ಅದು ಮೊದಲು ಕಾಣಸಿಗುವುದು ದಾಲ್ ಮಿಲ್ಲಿನಲ್ಲಿ. ಸಾರ್ಟೆಕ್ಸ್ ಎಂದೇ ಕರೆಯುವ ಯಂತ್ರದಲ್ಲಿ ತೊಗರಿ ಬೇಳೆ ಇಳಿಜಾರು ತಗಡಿನಿಂದ ಜಾರಿ ಬೀಳುವಾಗ ಕ್ಯಾಮೆರಾ ಒಂದೊಂದನ್ನೂ ನೋಡಿ, ಕಪ್ಪಾದದ್ದು, ಸಿಪ್ಪೆ ಉಳಿದದ್ದು ಕಂಡೊಡನೆ ಗಾಳಿ ಚಿಮ್ಮಿಸಿ ಹೊರದೂಡುತ್ತದೆ. ಹಳೆಯ ಯಂತ್ರಗಳು ಮುಖ್ಯವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುತ್ತಿದ್ದವು. ಹೊಸವು ರಾಶಿ ರಾಶಿ ಚಿತ್ರಗಳಿಂದ ಕಲಿತು ಆಕಾರವನ್ನೂ ಗಮನಿಸುತ್ತವೆ. ತೊಗರಿ ಬೇಳೆಗೆ ಅದನ್ನೇ ಹೋಲುವ ಕೇಸರಿ ಬೇಳೆ ಬೆರೆಸುವ ಹಳೆಯ ಕಲಬೆರಕೆಯನ್ನು ಹಿಡಿಯಲು ಇದು ನೆರವಾದೀತು.

ನನ್ನ ತಕರಾರು ಮಿಲ್ಲಿಗೂ ಮೊದಲಿನ ಹಂತದ್ದು. 2019ರಲ್ಲಿ ಜಿಐ ಟ್ಯಾಗ್ (ಬೆಳೆದ ಪ್ರದೇಶದ ಹೆಸರಿನ ಅಧಿಕೃತ ಗುರುತು) ಪಡೆದ ಕಲಬುರಗಿಯ ತೊಗರಿಯನ್ನು ರೈತರು ಧಾನ್ಯ ಮಾರುಕಟ್ಟೆಯಾದ ಗಂಜ್‌ಗೆ ತಂದಾಗ, ಚೀಲದಿಂದ ತೆಗೆದ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರವಿ ನೋಡಿಯೇ ದರ ಹೇಳುವುದುಂಟು. ಅಲ್ಲಿಗೂ ಕ್ಯಾಮೆರಾ ಬರಲಿ. ಆದರೆ ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶ ಶೇ 12 ಮೀರಬಾರದೆಂಬ ನಿಯಮವಿದ್ದು, ಬರೀ ಚಿತ್ರ ನೋಡಿ ತೇವಾಂಶ ಹೇಳಲಾಗದ ಕಾರಣ, ರೈತರ ಮಾಲು ಮಾರಿಸಿಕೊಡುವ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ತೇವಾಂಶ ಮಾಪಕವೂ ಇರಬೇಕು, ಎರಡರ ಫಲಿತಾಂಶವೂ ದರ ನಿಗದಿಯಾಗುವ ಮೊದಲೇ ರೈತನ ಕೈಗೆ ಸಿಗಬೇಕು.