ನಾಯಕರಾಗಿ, ಸೋಮವಾರದೊಳಗೆ

ಬೆಂಗಳೂರಿನ ಮ್ಯಾನೇಜರುಗಳಿಗೆ ನಾಯಕತ್ವ ಬರುವುದು ಸಾಮಾನ್ಯವಾಗಿ ದೇವನಹಳ್ಳಿ ದಾಟಿದ ಮೇಲೆ. ನಂದಿಬೆಟ್ಟದ ಆಸುಪಾಸಿನ ರೆಸಾರ್ಟಿನಲ್ಲಿ ಶುಕ್ರವಾರ ಇಳಿದರೆ ಶನಿವಾರ ಸಂಜೆಯೊಳಗೆ ಮೈಗೂಡಿರುತ್ತದೆ.

ಅಲ್ಲೊಂದು ಆಟ ಆಡಿಸುತ್ತಾರೆ. 20 ಹಸಿ ಸ್ಪಗೆಟಿ ಕಡ್ಡಿ, ಗಜದಷ್ಟು ದಾರ, ಗಜದಷ್ಟು ಟೇಪು. 18 ನಿಮಿಷದಲ್ಲಿ ಆದಷ್ಟು ಎತ್ತರದ ಗೋಪುರ ಕಟ್ಟಿ ತುದಿಗೆ ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಮಿಠಾಯಿ ಕೂರಿಸಬೇಕು. ಇದರಲ್ಲಿ ಎಂಬಿಎ ಓದಿದವರನ್ನು ಶಿಶುವಿಹಾರದ ಮಕ್ಕಳು ಸೋಲಿಸುತ್ತಾರೆ ಎಂಬುದು ಜಗತ್ತಿಗೇ ಗೊತ್ತಿರುವ ವಿಷಯ. ಮಕ್ಕಳಲ್ಲಿ ಯಾರೂ ಯಜಮಾನಿಕೆಗೆ ಕಿತ್ತಾಡುವುದಿಲ್ಲ. ಕಟ್ಟುತ್ತಾರೆ, ಬೀಳಿಸುತ್ತಾರೆ, ಮತ್ತೆ ಕಟ್ಟುತ್ತಾರೆ. ತರಬೇತುದಾರರು ಇದನ್ನೂ ವಿವರಿಸುತ್ತಾರೆ. ಸಭಿಕರು ಚಪ್ಪಾಳೆ ತಟ್ಟಿ ಬುಫೆಗೆ ಏಳುತ್ತಾರೆ.

ಸೋಮವಾರ ಬೆಲ್ ಕರ್ವ್ ಕಾದಿರುತ್ತದೆ, ಅಂದರೆ ನೌಕರರನ್ನು ಮೊದಲೇ ಗೊತ್ತುಮಾಡಿದ ಪ್ರಮಾಣದಲ್ಲಿ ಮೇಲು, ನಡು, ಕೆಳಗು ಎಂದು ವಿಂಗಡಿಸುವ ಪದ್ಧತಿ. ಜನರಲ್ ಎಲೆಕ್ಟ್ರಿಕ್‌ನ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ನೌಕರರನ್ನು ಮೇಲಿನ ಶೇ 20, ನಡುವಿನ ಶೇ 70, ಕೆಳಗಿನ ಶೇ 10 ಎಂದು ಭಾಗ ಮಾಡಿದ್ದರು. ಇಂಥದ್ದೇ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಅವರು ಬಿಟ್ಟದ್ದನ್ನು ಜೋಪಾನ ಮಾಡುವ ಹೊಣೆ ನಮ್ಮ ಎಷ್ಟೋ ಕಚೇರಿಗಳದು. ಹತ್ತು ಜನರ ತಂಡದಲ್ಲಿ ಹತ್ತೂ ಮಂದಿ ಚೆನ್ನಾಗಿ ದುಡಿದರೆ? ಹಾಗೆ ದುಡಿಯಲು ಅವಕಾಶವಿಲ್ಲ. ಒಂದು ಹರಕೆಯ ಕುರಿ ಬೇಕೇ ಬೇಕು. ಹೆರಿಗೆ ರಜೆ ಮುಗಿಸಿ ಬಂದವರಿದ್ದರೆ ಹುಡುಕಾಟವೂ ಉಳಿಯಿತು.

"ನಿಮ್ಮ ಕೆಲಸದಲ್ಲಿ ನನಗೆ ಯಾವ ದೋಷವೂ ಕಾಣಿಸಲಿಲ್ಲ ಮೇಡಂ. ಆದರೆ ವಿಸಿಬಿಲಿಟಿ ಸ್ವಲ್ಪ ಕಡಿಮೆಯಾಯಿತು."

"ನಾನು ಆರು ತಿಂಗಳು ರಜೆಯಲ್ಲಿದ್ದೆ ಸರ್."

"ಅದನ್ನೇ ನಾನೂ ಹೇಳುತ್ತಿರುವುದು."

ಇದಕ್ಕೆ ಕಚೇರಿಯ ಭಾಷೆಯಲ್ಲಿ ಮುಕ್ತ ಸಂವಾದ ಎನ್ನುತ್ತಾರೆ. "ನನ್ನ ಬಾಗಿಲು ಸದಾ ತೆರೆದಿರುತ್ತದೆ" ಎನ್ನುವ ಸಾಹೇಬರ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳವರೆಗೆ ಸಂದು ಸಿಗುವುದಿಲ್ಲ, ಆ ಮಾತು ಬೇರೆ.

2008ರಲ್ಲಿ ಗೂಗಲ್ ಕಂಪನಿಗೆ ಮ್ಯಾನೇಜರುಗಳಿಂದ ಉಪಯೋಗವಿದೆಯೇ ಎಂಬ ಅನುಮಾನವೇ ಬಂದು, ಪ್ರಾಜೆಕ್ಟ್ ಆಕ್ಸಿಜನ್ ಎಂಬ ಹೆಸರಿನಲ್ಲಿ ಅಧ್ಯಯನಕ್ಕೆ ಇಳಿಯಿತು. ಉಪಯೋಗ ಇದೆ ಎಂದೇ ಉತ್ತರ ಬಂತು. ಒಳ್ಳೆಯ ಮ್ಯಾನೇಜರಿನ ಎಂಟು ಗುಣಗಳಲ್ಲಿ ಮೊದಲನೆಯದು ಕಲಿಸಿ ಬೆಳೆಸುವುದು, ಎರಡನೆಯದು ಎಲ್ಲದಕ್ಕೂ ಮೂಗು ತೂರಿಸದಿರುವುದು. ಕಿವಿಗೊಟ್ಟು ಕೇಳುವುದೂ ಪಟ್ಟಿಯಲ್ಲಿತ್ತು; ತಾಂತ್ರಿಕ ಜ್ಞಾನಕ್ಕೆ ಎಂಟನೆಯ ಸ್ಥಾನ. ನಮ್ಮ ಗಾರೆ ಮೇಸ್ತ್ರಿಯನ್ನು ಕೇಳಿದ್ದರೆ ಒಂದು ಲೋಟ ಕಾಫಿಯ ಖರ್ಚಿನಲ್ಲಿ ಇಷ್ಟನ್ನೂ ಹೇಳುತ್ತಿದ್ದ.

ಪಟ್ಟಿ ನಮ್ಮಲ್ಲಿಗೂ ತಲುಪಿದೆ. "ನಿಮ್ಮ ಮ್ಯಾನೇಜರ್ ನಿಮ್ಮ ಮಾತು ಕೇಳುತ್ತಾರೆಯೇ?" ಎಂದು ತಂಡದವರು ಐದಕ್ಕೆ ಅಂಕ ಕೊಡಬೇಕು. ಹೆಸರು ಬಹಿರಂಗವಾಗುವುದಿಲ್ಲ, ತಂಡದಲ್ಲಿರುವುದು ಮೂವರೇ ಆದರೂ. ಕೊನೆಯ ದಿನ ಸಾಹೇಬರು ಖುದ್ದಾಗಿ ಒಬ್ಬೊಬ್ಬರ ಮೇಜಿನ ಬಳಿಗೂ ಬರುತ್ತಾರೆ. "ಸಮೀಕ್ಷೆ ತುಂಬಿದಿರಾ? ಅಂದ ಹಾಗೆ, ನಿಮ್ಮ ರೇಟಿಂಗ್ ಇನ್ನೂ ಅಂತಿಮವಾಗಿಲ್ಲ."

ಮೂವರೂ ಐದಕ್ಕೆ ಐದು ಕೊಟ್ಟಿದ್ದಾರೆ.