ಮಿಣುಕುವ ಹಸಿರು ದೀಪ

2008ರ ಮಾತು. ಶಿವಮೊಗ್ಗದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ವೇಗ 256 ಕೆಬಿಪಿಎಸ್. ಈಗಿನ ಮಕ್ಕಳು ಕೇಳಿದರೆ ನಗುತ್ತಾರೆ. ಆಗ ನಮಗೆ ಅದೇ ರಾಕೆಟ್ಟು.

ಮೋಡೆಮ್‌ನಲ್ಲಿ ನಾಲ್ಕು ಪೋರ್ಟ್ ಇದ್ದವು. ಎರಡು ಕಂಪ್ಯೂಟರಿಗೂ ಕನೆಕ್ಷನ್ ಕೊಡಲು ನಾನೇ ಕೈ ಹಾಕಿದೆ. ಹಾಲ್‌ನಿಂದ ಮಗನ ರೂಮಿಗೆ ಬಾಗಿಲ ಸಂದಿಯಲ್ಲಿ ನೀಲಿ ಕೇಬಲ್ ಎಳೆದೆ. ಆ ಬಾಗಿಲು ಅವತ್ತಿನಿಂದ ಪೂರ್ತಿ ಮುಚ್ಚಿಲ್ಲ. ನನ್ನ ಕಂಪ್ಯೂಟರಿನ ಐಪಿ ನಂಬರ್ 192.168.1.2 ಇತ್ತು. ಮಗನದಕ್ಕೂ ಒಂದಂಕೆ ತಪ್ಪದಂತೆ ಅದನ್ನೇ ಬರೆದೆ. ಎರಡೂ ಜಗಳಕ್ಕೆ ನಿಂತವು. ಎರಡು ಮನೆಗೆ ಒಂದೇ ಡೋರ್ ನಂಬರ್ ಕೊಟ್ಟರೆ ಪೋಸ್ಟ್‌ಮ್ಯಾನ್ ಆದರೂ ಏನು ಮಾಡಬೇಕು? ಮಗ ಕೊನೆಯ 2 ಅಳಿಸಿ 3 ಮಾಡಿದ. ಸರಿಹೋಯಿತು.

ನಿಜವಾದ ಕಾಟ ಆಮೇಲೆ ಶುರುವಾಯಿತು. ಹಗಲು ಹೊತ್ತು ಇದ್ದಕ್ಕಿದ್ದಂತೆ ಫೋನ್ ತಂತಿಯಲ್ಲಿ ನೆಟ್ ಬರುತ್ತಿದೆಯೋ ಇಲ್ಲವೋ ತೋರಿಸುವ, ಮೋಡೆಮ್‌ನ ಡಿಎಸ್‌ಎಲ್ ಎಂಬ ಹಸಿರು ದೀಪ ಮಿಣುಕಲು ಹತ್ತುತ್ತಿತ್ತು, ನೆಟ್ ಸತ್ತೇ ಹೋಗುತ್ತಿತ್ತು. ಮಧ್ಯಾಹ್ನ ಮೂರರ ಮೇಲೆ ಅಂತೂ ಜಾಸ್ತಿ. ಆಗ ರಾತ್ರಿ ಎರಡರ ಮೇಲೆ ಡೌನ್‌ಲೋಡ್ ಫ್ರೀ; ಎದ್ದು ಅದಕ್ಕೆ ಕೂತರೆ ಮಾತ್ರ ದೀಪ ಕಣ್ಣು ಮಿಟುಕಿಸುತ್ತಿರಲಿಲ್ಲ. ಹಗಲು ಊರೆಲ್ಲ ನೆಟ್ ಬಳಸುತ್ತೆ, ಅದಕ್ಕೇ ಹೀಗೆ ಅಂತ ಮನೆಯವರಿಗೆಲ್ಲ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು.

ಕಂಪನಿಗೆ ದೂರು ಕೊಡಲು ಅಡುಗೆಮನೆಯ ಫೋನೇ ಅನುಕೂಲ. ಪಕ್ಕದಲ್ಲಿ ಸ್ಟೂಲ್ ಇದೆ, ಕಾಫಿಯೂ ಸಿಗುತ್ತೆ.

"ಈಗ ದೀಪ ಹೇಗಿದೆ ಸಾರ್?"

"ಏನೋ, ದೀಪ ಹೇಗಿದ್ಯೋ?" ಎಂದು ನಾನು ಕೂಗಬೇಕು.

"ಮಿಣುಕ್ತಿದೆ ಅಪ್ಪಾ!" ಎಂದು ಮಗ ಹಾಲ್‌ನಿಂದ ಕೂಗಬೇಕು.

ಫೋನ್ ಇಟ್ಟು ಹಾಲ್‌ಗೆ ಬಂದು ಸ್ವಲ್ಪ ಹೊತ್ತು ಕೂತರೆ ದೀಪ ಗಟ್ಟಿಯಾಗಿ ನಿಂತಿರುತ್ತಿತ್ತು. ಬೈದಿದ್ದಕ್ಕೆ ಕೆಲಸ ಆಯ್ತು ನೋಡಿ ಎಂದು ಬೀಗುತ್ತಿದ್ದೆ.

ನಾಲ್ಕನೇ ದೂರಿಗೆ ಲೈನ್‌ಮ್ಯಾನ್ ಬಂದರು. ಮೋಡೆಮ್ ಮುಟ್ಟಲೇ ಇಲ್ಲ. ಗೋಡೆಯ ವೈರನ್ನೇ ಹಿಂಬಾಲಿಸಿ ಅಡುಗೆಮನೆ ಹೊಕ್ಕರು.

"ಈ ಪ್ಯಾರಲಲ್ ಎಳೆದಿದ್ದು ಯಾರು ಸಾರ್?"

ನಾನೇ. ಪ್ಯಾರಲಲ್ ಅಂದರೆ ಅದೇ ಲೈನಿಗೆ ಇನ್ನೊಂದು ಫೋನ್. ಅಮ್ಮನಿಗೆ ಓಡಾಟ ತಪ್ಪಲಿ ಅಂತ ಹಿಂದೆಂದೋ ಎಳೆದಿದ್ದೆ. ಆಗ ಮಾತು, ನೆಟ್ ಎರಡೂ ಒಂದೇ ತಾಮ್ರದ ತಂತಿಯಲ್ಲಿ ಬರುತ್ತಿದ್ದವು. ಮಾತಿಗೆ 4 ಕಿಲೋಹರ್ಟ್ಸ್ ಒಳಗಿನ ಕಂಪನ (ಫ್ರೀಕ್ವೆನ್ಸಿ) ಸಾಕು, ನೆಟ್ ಅದಕ್ಕಿಂತ ಎಷ್ಟೋ ಮೇಲೆ ಓಡುತ್ತೆ. ಎರಡನ್ನೂ ಬೇರೆ ಮಾಡೋದು ಸ್ಪ್ಲಿಟರ್ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿ. ಹಾಲ್ ಫೋನಿಗೆ ಅದಿತ್ತು. ಅಡುಗೆಮನೆಯ ವೈರು ಮಾತ್ರ ಸ್ಪ್ಲಿಟರಿಗೂ ಮೊದಲೇ ಕವಲೊಡೆದಿತ್ತು. ಮಧ್ಯಾಹ್ನ ಮೂರಕ್ಕೆ ಅಮ್ಮ ಚಿಕ್ಕಮ್ಮನಿಗೆ ಫೋನ್ ಎತ್ತಿದರೆ ಹಾಲ್‌ನಲ್ಲಿ ನೆಟ್ ಡಮಾರ್. ನಾನು ದೂರು ಕೊಡಲು ಎತ್ತಿದರೂ ಅಷ್ಟೇ.

ವೈರ್ ಬದಲಿಸಿದ್ದು ಎರಡೇ ನಿಮಿಷದ ಕೆಲಸ. ಕಾಫಿ ಕುಡಿದು ಹೊರಡುವಾಗ ಲೈನ್‌ಮ್ಯಾನ್ ನನ್ನ ಕಡೆ ನೋಡಿ ನಕ್ಕರೋ, ಸುಮ್ನೆ ಹಾಗನಿಸಿತೋ.

ಈಗಲೂ ವೈಫೈ ಒಂದು ಕ್ಷಣ ನಿಂತರೆ ಸಾಕು, ಒಳಗಿನಿಂದ ಅಮ್ಮನ ದನಿ ಬರುತ್ತೆ: "ನಾನೇನೂ ಫೋನ್ ಮುಟ್ಟಿಲ್ಲಪ್ಪಾ!"