ಎರಡು ಕಡಲು, ಎಂಟು ಕಾರು

ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಮತ್ತೆ ಚೀಟಿ ಅಂಟಿಸಿದ್ದಾರೆ. ಹನಿ ಹನಿಯೂ ಅಮೂಲ್ಯ, ನೀರು ಉಳಿಸಿ. ಓದಿಕೊಂಡು ಕೆಳಗಿಳಿದರೆ ಪಾರ್ಕಿಂಗಿನಲ್ಲಿ ಎಂಟು ಕಾರುಗಳಿಗೆ ಪೈಪು ಹಿಡಿದು ಅಭ್ಯಂಜನ ನಡೆಯುತ್ತಿದೆ. ಪಾಪ, ವಾಚ್‌ಮನ್‌ದು ತಪ್ಪಿಲ್ಲ, ಧೂಳು ಕಂಡರೆ ಬೈಗುಳ ಅವನಿಗೇ. ಬಹರೈನಿನಲ್ಲಿ ಕಾರಿಗಿರುವ ಸ್ನಾನಯೋಗ ನನಗೂ ಇಲ್ಲ.

ಆ ನೀರು ಬರೋದು ಎಲ್ಲಿಂದ ಗೊತ್ತಲ್ವಾ? ಗ್ಯಾಸ್ ಉರಿಸಿ ಸಮುದ್ರವನ್ನು ಕಾಯಿಸಿ, ಇಲ್ಲವೇ ಪಂಪಿನ ಒತ್ತಡದಲ್ಲಿ ಸೋಸಿ, ಉಪ್ಪು ತೆಗೆದು, ಉಳಿದ ಮಂದ ಉಪ್ಪುನೀರನ್ನು ಅದೇ ಸಮುದ್ರಕ್ಕೆ ಬಿಟ್ಟು, ಸಿಹಿನೀರನ್ನು ನಮ್ಮ ಟ್ಯಾಂಕಿಗೆ ಏರಿಸುತ್ತಾರೆ. ಇಷ್ಟು ದೊಡ್ಡ ಯಜ್ಞ ಮಾಡಿ ಪ್ರಸಾದ ಮಾತ್ರ ಟೈರಿಗೆ.

ಬಹರೈನ್ ಅಂದರೆ ಅರಬ್ಬಿಯಲ್ಲಿ ಎರಡು ಕಡಲು. ಮೇಲಿನದು ಉಪ್ಪು, ಕೆಳಗಿನದು ಸಿಹಿ ಅಂತ ಹಳಬರ ವಿವರಣೆ. ಅದು ಬರೀ ಕಥೆಯಲ್ಲ. ಮುತ್ತು ತೆಗೆಯಲು ಹೋದವರು ಸಮುದ್ರದ ತಳಕ್ಕೆ ಮುಳುಗಿ, ಅಲ್ಲಿ ಉಕ್ಕುವ ಬುಗ್ಗೆಯಿಂದ ಚರ್ಮದ ಚೀಲದಲ್ಲಿ ಕುಡಿಯುವ ನೀರು ತುಂಬಿಕೊಂಡು ಬರುತ್ತಿದ್ದರು. ಸೌದಿ ಕಡೆಯಿಂದ ನೆಲದಡಿಯಲ್ಲಿ ಹರಿದು ಬರುವ ನೀರದು. ಆಮೇಲೆ ಬೋರ್‌ವೆಲ್ ಬಂತು, ಪಂಪು ಬಂತು, ಎಳೆದದ್ದೇ ಎಳೆದದ್ದು. ಬುಗ್ಗೆಗಳು ಬತ್ತಿದವು, ಖಾಲಿಯಾದ ಜಾಗಕ್ಕೆ ಸಮುದ್ರ ನುಗ್ಗಿತು. ಈಗ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಎರಡು ಕಡಲು, ಎರಡೂ ಉಪ್ಪು!

ಅದಾರಿ ಅಂತ ಒಂದು ಹೆಸರುವಾಸಿ ಬುಗ್ಗೆ ಇತ್ತು. ಅದರ ನೀರು ದೂರದ ಖರ್ಜೂರದ ತೋಟಗಳಿಗೆ ಹರಿಯುತ್ತಿತ್ತು, ಪಕ್ಕದ ನೆಲಕ್ಕೆ ಸಿಗುತ್ತಿರಲಿಲ್ಲ. 'ದೂರದವರಿಗೆ ನೀರುಣಿಸಿ ಹತ್ತಿರದವರನ್ನು ಮರೆಯುವ ಅದಾರಿ' ಅಂತ ಇಲ್ಲಿ ಗಾದೆಯೇ ಇದೆ. ನಮ್ಮ 'ಊರಿಗೆ ಉಪಕಾರಿ, ಮನೆಗೆ ಮಾರಿ'ಯ ಅರಬ್ಬಿ ತಂಗಿ. ಈಗ ದೂರದವರಿಗೂ ಇಲ್ಲ, ಹತ್ತಿರದವರಿಗೂ ಇಲ್ಲ, ಕೊನೆಗೂ ಸಮಾನತೆ ಬಂತು. ಅದೇ ಹೆಸರಿನಲ್ಲಿ ಒಂದು ಮೋಜಿನ ಪಾರ್ಕ್ ಇದೆ. ಹೋಗಿ ಬನ್ನಿ, ಮಕ್ಕಳಿಗೆ ಖುಷಿಯಾಗುತ್ತದೆ.

ಇನ್ನು ಮಳೆ. ವರ್ಷಕ್ಕೆ ಸುಮಾರು 80 ಮಿ.ಮೀ. ಕುಂದಾಪುರದವನಾದ ನನಗೆ ಅದು ಆಷಾಢದ ಒಂದು ದಿನದ ಲೆಕ್ಕ. 2024ರ ಏಪ್ರಿಲಿನಲ್ಲಿ ಸುರಿದದ್ದು ನೆನಪಿದೆಯಲ್ಲ? ಕಾಯಿಸೋದು ಬೇಡ, ಸೋಸೋದು ಬೇಡ, ಪುಕ್ಕಟೆ ಸಿಹಿನೀರು ರಸ್ತೆ ತುಂಬ. ಟ್ಯಾಂಕರುಗಳು ಬಂದವು, ಹೀರಿಕೊಂಡವು, ಹೋದವು. ಕೂಡಿಡೋಕಲ್ಲ, ಪೀಡೆ ತೊಲಗಿಸೋಕೆ.

ನಿಜ ಹೇಳಲಾ, ನಗು ಬರ್ತಿಲ್ಲ. ಇಲ್ಲಿನ ಪ್ರಾಚೀನ ದಿಲ್ಮುನ್ ನಾಗರಿಕತೆಯ ಕಾಲದಿಂದ ಉಕ್ಕುತ್ತಿದ್ದ ನೀರನ್ನು ಒಂದೆರಡು ತಲೆಮಾರು ಸೇರಿ ಮುಗಿಸಿತು. ನಾಲಿಗೆಗೇ ಉಪ್ಪು ಗೊತ್ತಾದರೂ ಪಂಪು ನಿಲ್ಲಿಸಲಿಲ್ಲ. ಈಗ ಬುದ್ಧಿಮಾತು ಲಿಫ್ಟಿನಲ್ಲಿ, ಎರಡು ಬಕೆಟ್ಟಿನಲ್ಲಿ ದಿನ ದೂಡುವವನಿಗೆ.

"ನಿಮ್ಮ ಗಾಡಿಗೂ ಹೊಡೀಲಾ ಸಾರ್?" ಅಂತ ವಾಚ್‌ಮನ್ ಕೇಳಿದ. ಬೇಡ ಅಂದೆ. ಸಂಜೆ ಬಂದು ನೋಡಿದರೆ ಗಾಡಿ ಫಳಫಳ ಹೊಳೀತಿದೆ.